ಕಲ್ಲಿಗೆ ಬಿಳಿಗಾರ

ಗಂಗೆಯ ದಡದ ಊರಿನ ಜಂಗಮವಾಡಿಯ ಗಲ್ಲಿಯಲ್ಲಿ ಮರುಳಸಿದ್ದಯ್ಯನವರ ಬೆಸುಗೆಗೆ ಹೆಸರಿಡುವ ಗಂಡು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವರೆದುರು ಬಾಯಿಬಿಡುವಷ್ಟು ದಡ್ಡನಾಗಿರಲಿಲ್ಲ ಬಿಡಿ. ಹನ್ನೆರಡನೆಯ ವಯಸ್ಸಿನಲ್ಲಿ ಬಾಗಲಕೋಟೆ ಕಡೆಯಿಂದ ಮಠಕ್ಕೆ ಸಂಸ್ಕೃತ ಕಲಿಯಲು ಬಂದ ಜಂಗಮರ ಹುಡುಗ ಆತ. ಸಂಧಿ ಸಮಾಸ ತಲೆಗೆ ಹತ್ತಲಿಲ್ಲ. ಮಠದೆದುರಿನ ಅಕ್ಕಸಾಲಿಗನ ಕುಲುಮೆಯ ಹುಚ್ಚು ಹತ್ತಿತು. ಅಂದು ಕೂತವರು ಐವತ್ತೈದು ವರ್ಷವಾದರೂ ಎದ್ದಿಲ್ಲ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ ಮಾಡುವುದೊಂದೇ ಅವರ ಕಸುಬು. ಅವರ ಕರಡಿಗೆ ಧರಿಸಿ ಗಂಗೆಯಲ್ಲಿ ಮೂರು ಮುಳುಗು ಹಾಕಿ ಎದ್ದರೂ ಒಳಗಿನ ಭಸ್ಮ ಒದ್ದೆಯಾಗುವುದಿಲ್ಲ. ಇದನ್ನು ಊರೇ ಹೇಳುತ್ತಿತ್ತು, ಊರಿಗಿಂತ ಮೊದಲು ಅವರೇ ಹೇಳುತ್ತಿದ್ದರು.

ಮಾಘದ ಒಂದು ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಶಿವಗಂಗಾ ಬಂದು ಕೂತಳು. ಮಠದ ಕಚೇರಿಯ ಗುರುಶಾಂತಯ್ಯನವರ ಮಗಳು. ಇದೇ ಗಲ್ಲಿಯಲ್ಲಿ ಹುಟ್ಟಿ, ಇದೇ ಕಟ್ಟೆಯ ಮೇಲೆ ಕೂತು ಇವರ ಊದುಗೊಳವೆ ಊದಿ ಊದಿ ಕೆನ್ನೆ ನೋಯಿಸಿಕೊಂಡವಳು. ಈಗ ಯೂನಿವರ್ಸಿಟಿಯಲ್ಲಿ ಕಲ್ಲಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು.

"ಯಾಕವ್ವಾ, ಮಾರಿ ಬಾಡೇತಿ? ಉಂಡಿಲ್ಲೇನು?"

"ಕಾಕಾ, ಪೂರಾ ಗಡ್‌ಬಡ್ ಆಗೈತಿ," ಎಂದು ಚೀಲದಿಂದ ಪುಟ್ಟ ಡಬ್ಬಿ ತೆಗೆದಳು. ಹತ್ತಿಯ ನಡುವೆ ಒಂದು ಬಂಗಾರದ ಕೊಳವೆ ಮಲಗಿತ್ತು. ಕಿರುಬೆರಳಿಗಿಂತ ಸಣ್ಣದು, ಒಂದು ತುದಿ ಮುಚ್ಚಿತ್ತು, ಇನ್ನೊಂದು ತೆರೆದಿತ್ತು. "ಇದರಾಗ ಕಲ್ಲಿನ ಪುಡಿ ಹಾಕಿ, ಹನಿ ನೀರು ಬಿಟ್ಟು, ಬಾಯಿ ಮುಚ್ಚಬೇಕು. ಮೂರು ಸಲ ನಾನಾ ಮುಚ್ಚೀನಿ. ಮೂರೂ ಸೋರ್ಯಾವು. ಇದಾ ಕಡೀ ತುಂಡು."

ಸೋರಿತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮರುಳಸಿದ್ದಯ್ಯನವರು ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

"ನೀರು ಯಾಕ ಹಾಕ್ತಿ ಅದಕ್ಕ? ಕಲ್ಲು ಏನು ಬಾಯಾರೇತೇನು?"

ಅವಳಿಗೆ ನಗು ಬಂತು. ಬಂದದ್ದು ಒಳ್ಳೆಯದೇ ಆಯಿತು. "ನೆಲದ ಒಳಗ ಕಲ್ಲು ಕರಗಿ ಪಾಕ ಆಗಿರ್ತೈತಿ, ಕಾಕಾ. ಆ ಪಾಕದಾಗ ನೀರೂ ಕರಗಿರ್ತೈತಿ."

"ಕರಗಿದ ಕಲ್ಲಿನಾಗ ನೀರು? ಚುಂಯ್ ಅಂತ ಆವಿ ಆಗಿ ಹೋಗಂಗಿಲ್ಲೇನು?"

"ಮ್ಯಾಲ ಇಷ್ಟು ನೆಲದ ಭಾರ ಒತ್ತಿ ಹಿಡಿದಿರ್ತೈತಲ್ಲ, ಎಲ್ಲಿಗೆ ಹೋದೀತು? ಮುಚ್ಚಿದ ಸೋಡಾ ಬಾಟ್ಲಿಯಾಗ ಗ್ಯಾಸು ಕರಗಿ ಕುಂತಿರ್ತೈತಲ್ಲ, ಹಂಗ." ಅವಳು ಉತ್ಸಾಹದಿಂದ ಕಟ್ಟೆಯ ಮೇಲೆ ಕಾಲು ಮಡಚಿ ಕೂತಳು. "ನೀರಿಲ್ಲದ ಪಾಕ ಭಾಳ ಗಟ್ಟಿ. ಒಳಗಿನ ಕಣಕ್ಕ ಅಲ್ಲಾಡಾಕ ಬರಂಗಿಲ್ಲ. ಆರಿದ್ರ ಗಾಜು ಆಗ್ತೈತಿ, ಇಲ್ಲಾ ಲೆಕ್ಕ ಇಲ್ಲದಷ್ಟು ಸಣ್ಣ ಹರಳು, ರವಾ ಇದ್ದಂಗ. ನೀರಿದ್ರ ಪಾಕ ತೆಳ್ಳಗ ಆಗ್ತೈತಿ. ಅಲ್ಲೊಂದು ಇಲ್ಲೊಂದು ಹರಳು ಹುಟ್ಟತೈತಿ, ಆದ್ರ ಹುಟ್ಟಿದ್ದು ಸುತ್ತಲಿಂದ ಕಣ ಎಳಕೊಂಡು ದೊಡ್ಡದಾಗಿ ಬೆಳೀತೈತಿ. ಹಂಗ ಅಂತ ಪುಸ್ತಕ ಹೇಳತಾವು. ನನ್ನ ಕಲ್ಲಿನಾಗ ನಾ ಅದನ್ನ ತೋರಿಸಬೇಕು. ನೀರು ನಡುವ ಸೋರಿ ಹೋದ್ರ ಪಾಕ ಗಪ್ಪನ ಬಿಗೀತೈತಿ, ಹರಳೆಲ್ಲಾ ಹಿಟ್ಟು."

ಮರುಳಸಿದ್ದಯ್ಯನವರು ತೊಡೆ ತಟ್ಟಿಕೊಂಡರು.

"ಬಿಳಿಗಾರ! ಇಷ್ಟು ಉದ್ದ ಯಾಕ ಹೇಳ್ತೀ? ಕರಗವಲ್ಲದ ಬೆಳ್ಳಿಗೆ ಚಿಟಿಕಿ ಬಿಳಿಗಾರ ಹಾಕಿದ್ರ ಕೊಳಿ ಬಿಟ್ಟು ನೀರಿನಂಗ ಓಡತೈತಿ. ಕಲ್ಲಿಗೆ ನೀರು ಅಂದ್ರ ನಮ್ಮ ಬಿಳಿಗಾರ ಇದ್ದಂಗ."

"ಹೌದು ಕಾಕಾ, ಅದಾ!" ಎಂದು ಶಿವಗಂಗಾ ಚಪ್ಪಾಳೆ ಹೊಡೆದಳು. "ನಮ್ಮ ಸರ್‌ಗೆ ಇದನ್ನ ಹೇಳ್ತೀನಿ."

ಆಮೇಲೆ ಸ್ವರ ತಗ್ಗಿಸಿ ನಿಜವಾದ ಸಂಕಟ ಹೇಳಿದಳು. ಕೊಳವೆಯನ್ನು ಒತ್ತಿ ಹಿಡಿದು ಕಾಯಿಸಿ, ಮೆಲ್ಲಗೆ ಆರಿಸುವ ಯೂನಿವರ್ಸಿಟಿಯ ಕುಲುಮೆಯಲ್ಲಿ ಮರುದಿನ ಹನ್ನೊಂದು ಗಂಟೆಗೆ ಅವಳ ಪಾಳಿ. ಒಂಬತ್ತು ದಿನ ಅವಳದು, ಅದು ಮುಗಿದರೆ ಬೇರೆಯವರದು. ಮತ್ತೆ ಪಾಳಿ ಬರುವುದು ಮುಂದಿನ ವರ್ಷ, ಅಷ್ಟರಲ್ಲಿ ಫೆಲೋಶಿಪ್ ಮುಗಿದಿರುತ್ತದೆ. ಈ ಒಂದು ಕೊಳವೆ ಸೋರಿದರೆ ಐದು ವರ್ಷದ ಕೆಲಸ ಗಂಗಾಪಾಲು.

"ಸೋರತೈತಿ? ಮರುಳಸಿದ್ದಯ್ಯನ ಬೆಸುಗಿ?" ಅವರು ಕೊಳವೆಗೆ ಕೈ ಚಾಚಿದರು. "ಕೊಡಿಲ್ಲೆ."

"ತೂಕ ಮಾಡೇ ಕೊಡ್ತೀನ್ರೆಪಾ. ಅಕ್ಕಸಾಲಿಗ ಅಕ್ಕನ ಬಂಗಾರಾನೂ ಬಿಡಂಗಿಲ್ಲ ಅಂತಾರ," ಎಂದು ಹುಡುಗಿ ಕಿಚಾಯಿಸಿದಳು. ಅವರು ಬೈದಂತೆ ಮಾಡಿ ನಕ್ಕರು.

ನೀರು ತುಂಬಿದ ಕೊಳವೆಗೆ ಬೆಂಕಿ ತಾಗಿಸುವುದು ಹುಡುಗಾಟವಲ್ಲ. ಬಾಯಿ ಮುಚ್ಚುವ ಮೊದಲೇ ನೀರು ಹಾರಿಹೋಗುತ್ತದೆ. ಮರುಳಸಿದ್ದಯ್ಯನವರು ಕೊಳವೆಗೆ ಒದ್ದೆ ಬಟ್ಟೆ ಸುತ್ತಿ, ತುದಿಯನ್ನಷ್ಟೇ ಹೊರಗಿಟ್ಟು, ಇಕ್ಕಳದಿಂದ ಅದುಮಿ, ಉಸಿರು ಹಿಡಿದು ಊದಿದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಶಿವಗಂಗಾ ಅದನ್ನು ಲ್ಯಾಬಿಗೆ ಒಯ್ದು, ನೀರು ಕುದಿಯುವ ಶಾಖದಲ್ಲಿ ಇಟ್ಟು ತೆಗೆದು ತೂಗಿ, ಸಂಜೆ ಫೋನ್ ಮಾಡಿದಳು. ಕೂದಲೆಳೆಯಷ್ಟೂ ತೂಕ ಕಮ್ಮಿಯಾಗಿರಲಿಲ್ಲ. ಆ ಸಂಜೆ ಮರುಳಸಿದ್ದಯ್ಯನವರು ಗಲ್ಲಿಯ ತುದಿಯ ಚಹಾದಂಗಡಿವರೆಗೆ ಹೋಗಿ ಬಂದ ನಡಿಗೆ ನೋಡಬೇಕಿತ್ತು, ಮಹಾರಾಜರು!

ಮರುದಿನ ಪೂಜೆ ಮುಗಿಸಿ, ಹೆಂಡತಿ ಕಮಲಾದೇವಿಯವರು ಕೊಟ್ಟ ಉಪ್ಪಿಟ್ಟು ತಿಂದು, ಹತ್ತರ ಸುಮಾರಿಗೆ ಒಂದು ಕರಡಿಗೆಯ ಕೆಲಸಕ್ಕೆ ಕೂತರು. ಎರಡು ಬೆಳ್ಳಿಯ ಚಿಪ್ಪು ಜೋಡಿಸಿ, ಸಂದಿಗೆ ಟಾಂಕಾ ಉದುರಿಸಿದರು. ಟಾಂಕಾ ಎಂದರೆ ಬೆಸುಗೆಯ ಪುಡಿ, ಬೆಳ್ಳಿಗಿಂತ ಬೇಗ ಕರಗುವಂತೆ ಬೇರೆ ಲೋಹ ಬೆರೆಸಿ ಮಾಡಿದ್ದು. ಬಂಗಾರಕ್ಕೂ ಅಂಥದೇ ಒಂದು ಉಂಟು. ಊದಿದರು. ಬೆಳ್ಳಿ ಬರೀ ಕೆಂಪಗಾಗಿ ನಿಂತಿತ್ತು, ಟಾಂಕಾ ಮಾತ್ರ ಬಳಕ್ಕನೆ ಕರಗಿ ಸಂದಿಯೊಳಗೆ ಹರಿಯಿತು.

ಊದುಗೊಳವೆ ಅವರ ತುಟಿಯ ಮೇಲೇ ನಿಂತುಬಿಟ್ಟಿತು.

ನಿನ್ನೆ ಆ ಬಂಗಾರದ ಕೊಳವೆಗೂ ಕೈ ತನ್ನಷ್ಟಕ್ಕೆ ಟಾಂಕಾ ಹಾಕಿತ್ತು. ಐವತ್ತೈದು ವರ್ಷದ ಚಾಳಿ, ಯಜಮಾನನನ್ನು ಕೇಳುತ್ತದೆಯೇ? ನೀರು ಕುದಿಯುವ ಶಾಖಕ್ಕೆ ಟಾಂಕಾ ಜಗ್ಗುವುದಿಲ್ಲ ನಿಜ. ಆದರೆ ಕುಲುಮೆಯ ಉರಿ ಕಲ್ಲು ಕರಗುವ ಉರಿ. ಒಂಬೈನೂರು ಡಿಗ್ರಿ ಎಂದು ಹುಡುಗಿ ಹೇಳಿದ್ದಳು, ಇವರು ಹೂಂ ಎಂದಿದ್ದರು. ಅಷ್ಟರಲ್ಲಿ ಬಂಗಾರವೇನೋ ಗಟ್ಟಿಯಾಗಿ ನಿಲ್ಲುತ್ತದೆ. ಟಾಂಕಾ ಅದಕ್ಕಿಂತ ಎಷ್ಟೋ ಮೊದಲೇ ಕರಗಿ ಬಾಯಿ ಬಿಟ್ಟುಕೊಳ್ಳುತ್ತದೆ!

"ಅಯ್ಯ ಶಿವನ, ಮಗಳ ಮನಿ ಹಾಳು ಮಾಡಿದ್ನಲ್ಲ!"

ಫೋನ್ ಮಾಡಿದರು, ಎತ್ತಲಿಲ್ಲ. ಕುಲುಮೆಯ ಕೋಣೆಗೆ ಫೋನ್ ಒಯ್ಯುವುದಿಲ್ಲ ಎಂದು ಅವಳೇ ಹೇಳಿದ್ದಳು. ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಮರುಳಸಿದ್ದಯ್ಯನವರು ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಓಡಿದರು. "ಎಲ್ಲಿಗ್ರೀ? ಅಂಗಡಿ ತೆರೆದಾ ಐತಿ!" ಎಂದು ಕಮಲಾದೇವಿ ಕೂಗಿದ್ದು ಹಿಂದೆಯೇ ಉಳಿಯಿತು.

ಬ್ಯಾಟರಿ ರಿಕ್ಷಾ ಟೋಟೋದಲ್ಲಿ ಕೂತ ಮೇಲೆ ನೋಡಿಕೊಂಡರೆ ಕೈಯಲ್ಲಿ ಊದುಗೊಳವೆ! ಸೋನಾರ್‌ಪುರದಲ್ಲಿ ಒಂದು ಮದುವೆಯ ದಿಬ್ಬಣ, ಅಸ್ಸಿಯ ಹತ್ತಿರ ರಸ್ತೆಗಡ್ಡ ಮಲಗಿದ ಒಂದು ಗೂಳಿ. ಗೂಳಿಗೆ ಕೈ ಮುಗಿದರು, ಆಮೇಲೆ ಬೈದರು, ಆಮೇಲೆ ಮತ್ತೆ ಕೈ ಮುಗಿದರು. ಟೋಟೋದವನು "ಬಾಬಾ, ಪರೀಕ್ಷಾ ಬಾ ಕಾ?" ಎಂದು ಕೇಳಿದ. ಪರೀಕ್ಷೆಯೇ ಅಪ್ಪಾ ಎಂದರು ಇವರು, ಕನ್ನಡದಲ್ಲೇ.

ಅವರು ಲ್ಯಾಬಿನ ಬಾಗಿಲು ತಳ್ಳಿದಾಗ ಹನ್ನೊಂದಕ್ಕೆ ನಾಲ್ಕು ನಿಮಿಷವಿತ್ತು. ಶಿವಗಂಗಾ ಚಿಮಟದಲ್ಲಿ ಕೊಳವೆ ಹಿಡಿದು, ಕುಲುಮೆಯ ದಪ್ಪ ಉಕ್ಕಿನ ಹೊಟ್ಟೆಯೊಳಗೆ ಇಳಿಸುವುದರಲ್ಲಿದ್ದಳು. ಪಕ್ಕದಲ್ಲಿ ಅವಳ ಮೇಷ್ಟ್ರು ಅನಿಲ್ ಸರ್.

"ರುಕೋ! ಇಡಬ್ಯಾಡವ್ವಾ, ಇಡಬ್ಯಾಡ!"

ಎಲ್ಲರೂ ತಿರುಗಿದರು. ಮರುಳಸಿದ್ದಯ್ಯನವರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು. ಈಗ ಆಡಬೇಕಾದದ್ದು ಹೆಂಡತಿಯ ಮುಂದೆಯೂ ಆಡದ ಮಾತು. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ತಡವಾಗಲಿಲ್ಲ.

"ತಪ್ಪು ನಂದವ್ವಾ. ಟಾಂಕಾ ಹಾಕಿಬಿಟ್ಟೀನಿ. ಈ ಉರಿಗೆ ಅದು ನಿಲ್ಲಂಗಿಲ್ಲ, ಸೋರತೈತಿ. ಮರುಳಸಿದ್ದಯ್ಯನ ಬೆಸುಗಿ ಸೋರತೈತಿ."

ಶಿವಗಂಗಾ ಬಿಳುಚಿದಳು. ಅನಿಲ್ ಸರ್ ಹಿಂದಿಯಲ್ಲಿ ವಿಷಯ ತಿಳಿದುಕೊಂಡು ಗಡಿಯಾರ ನೋಡಿದರು. ಸಂಜೆ ನಾಲ್ಕರೊಳಗೆ ಕುಲುಮೆ ಹೊತ್ತಿಸಿದರೂ ನಡೆಯುತ್ತದೆ, ಅದಕ್ಕಿಂತ ತಡವಾದರೆ ಇಲ್ಲ ಎಂದರು. ಬೆಸುಗೆಯ ತುದಿ ಕತ್ತರಿಸಿದರೆ ಕೊಳವೆ ಚಿಕ್ಕದಾಗುತ್ತದೆ, ಒಂದೇ ಒಂದು ಸಲ ಮುಚ್ಚಲು ಸಾಲುತ್ತದೆ.

"ಸಾಕು," ಎಂದರು ಮರುಳಸಿದ್ದಯ್ಯನವರು. "ಬಂಗಾರಕ್ಕ ಬಂಗಾರಾನ ಬೆಸೀತೀನಿ, ನಡುವ ಯಾವ ದಲಾಲಿನೂ ಬ್ಯಾಡ. ಒಂದು ಬಟಾಟಿ ತರಸ್ರಿ."

"ಬಟಾಟಿ?"

"ಆಲೂ, ಆಲೂ! ದಪ್ಪಂದು, ಹಸೀದು. ಒಂದು ಬೋಗುಣಿ ಐಸ್ ಬ್ಯಾರೆ."

ಅನಿಲ್ ಸರ್ ತಾವೇ ಹಾಸ್ಟೆಲ್ಲಿನ ಅಡಿಗೆಮನೆಗೆ ಓಡಿದರು. ಮರುಳಸಿದ್ದಯ್ಯನವರು ಬಟಾಟಿಗೆ ತೂತು ಕೊರೆದು, ತುದಿ ಕತ್ತರಿಸಿ ಹೊಸದಾಗಿ ಪುಡಿ ನೀರು ತುಂಬಿದ ಕೊಳವೆಯನ್ನು ಅದರಲ್ಲಿ ಕತ್ತಿನವರೆಗೆ ಹೂತು, ಬಟಾಟಿಯನ್ನು ಐಸಿನಲ್ಲಿ ಕೂರಿಸಿದರು. ಮೇಲೆ ಉರಿ ಎಷ್ಟೇ ಇರಲಿ, ಕೆಳಗೆ ತಣ್ಣಗೆ. ಬಂಗಾರದ ತುದಿಯೇ ಕರಗಬೇಕು, ಆದರೆ ಸಾಸಿವೆಯಷ್ಟೇ ಕರಗಬೇಕು. ಒಂದು ಉಸಿರು ಹೆಚ್ಚಾದರೆ ತುದಿಯೇ ಉಂಡೆಯಾಗಿ ಕುಸಿಯುತ್ತದೆ.

ಅವರು ಲ್ಯಾಬಿನ ಬರ್ನರ್ ಉರಿಯೆದುರು ಊದುಗೊಳವೆಯನ್ನು ತುಟಿಗಿಟ್ಟರು. ಕೆಳಗಿಟ್ಟು, ಕೊರಳ ಕರಡಿಗೆ ಮುಟ್ಟಿಕೊಂಡು, ಮತ್ತೆ ಎತ್ತಿದರು. ಉರಿಯ ನಾಲಿಗೆ ಸೂಜಿಯಂತಾಗಿ ಬಂಗಾರದ ಅಂಚಿನ ಮೇಲೆ ಎಡದಿಂದ ಬಲಕ್ಕೆ ಹರಿಯಿತು. ಅಂಚು ಒಮ್ಮೆ ಫಳಕ್ಕೆಂದಿತು, ಅಷ್ಟೇ.

ತೂಗಿದರು. ಬಿಸಿ ಪೆಟ್ಟಿಗೆಯಲ್ಲಿಟ್ಟು ತೆಗೆದು ಮತ್ತೆ ತೂಗಿದರು. ಅದೇ ತೂಕ. ಆದರೆ ನಿನ್ನೆಯೂ ಇದೇ ತೂಕ ಬಂದಿತ್ತಲ್ಲ. ಮೂರೂವರೆಗೆ ಕುಲುಮೆ ಹೊತ್ತಿತು.

ಆ ಒಂಬತ್ತು ದಿನ ಮರುಳಸಿದ್ದಯ್ಯನವರ ಬಾಯಲ್ಲಿ ಬಡಾಯಿಯ ಒಂದು ಮಾತೂ ಬರಲಿಲ್ಲ. ಕಮಲಾದೇವಿಗೆ ಗಾಬರಿಯಾಯಿತು. "ಆನಿಯಂಥಾದ್ದೂ ಮುಗ್ಗರಸ್ತೈತ್ರಿ, ಉಣ್ರಿ," ಎಂದು ರೊಟ್ಟಿ ಬಡಿಸಿದರು. ರೊಟ್ಟಿ ಮುರಿಯುತ್ತ ಇವರು ಕುಲುಮೆ ಈಗ ಎಷ್ಟು ಡಿಗ್ರಿಗೆ ಇಳಿದಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಹತ್ತನೆಯ ದಿನ ಅವಳೇ ಬಂದು ಟೋಟೋದಲ್ಲಿ ಕೂರಿಸಿಕೊಂಡು ಹೋದಳು. ಮೇಜಿನ ಮೇಲೆ ಕೊಳವೆ ಇತ್ತು, ಒತ್ತಡಕ್ಕೆ ಚಪ್ಪಟೆಯಾಗಿ, ಬಣ್ಣಗೆಟ್ಟು. ಶಿವಗಂಗಾ ಕೈಯಲ್ಲಿ ಸೂಜಿ ಹಿಡಿದಳು. ಪಾಕ ಹೀರಿ ಮಿಕ್ಕ ನೀರು ಒಳಗೇ ಉಳಿದಿರಬೇಕು. ಚುಚ್ಚಿದರೆ ಹೊರಗೆ ಬರಬೇಕು. ಬರದಿದ್ದರೆ ಅದು ಎಂದೋ ಸೋರಿಹೋಗಿದೆ ಎಂದರ್ಥ.

ಚುಚ್ಚಿದಳು. ಏನೂ ಆಗಲಿಲ್ಲ.

ಮರುಳಸಿದ್ದಯ್ಯನವರು ಕಣ್ಣು ಮುಚ್ಚಿಕೊಂಡರು.

"ಕಾಕಾ," ಎಂದಳು ಅವಳು, ಅರ್ಧ ಉಸಿರಿನಲ್ಲಿ. "ಕಣ್ಣು ತಗೀರಿ."

ಸೂಜಿಯ ತೂತಿನಲ್ಲಿ ಚುಯ್ ಎಂದು ಗುಳ್ಳೆ ಎದ್ದು, ಅದರ ಹಿಂದೆ ಒಂದು ಹನಿ ಮೂಡಿತು. ಸಾಬೂದಾಣಿಗಿಂತ ಸಣ್ಣದು, ನಿಚ್ಚಳವಾಗಿತ್ತು. ಕಲ್ಲು ಕರಗುವ ಬೆಂಕಿಯನ್ನು ಉಂಡು ಬಂದ ನೀರು! ಮರುಳಸಿದ್ದಯ್ಯನವರು ತಡೆಯಲಾರದೆ ಬೆರಳ ತುದಿಯಲ್ಲಿ ಅದನ್ನು ತೆಗೆದು ಕಣ್ಣಿಗೊತ್ತಿಕೊಂಡರು.

"ಕಾಕಾ! ಅದನ್ನ ತೂಕ ಮಾಡೋದಿತ್ತು!"

ಅನಿಲ್ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗಲಿ ಬಿಡಿ, ಕೊಳವೆಯನ್ನು ತೂಗಿದರೆ ಲೆಕ್ಕ ಸಿಗುತ್ತದೆ ಎಂದರು. ಶಿವಗಂಗಾ ಬಂಗಾರವನ್ನು ಬ್ಲೇಡಿನಿಂದ ಸಿಗಿದು, ಒಳಗಿನ ಗಾಜಿನ ಗುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದಳು. ನೋಡುತ್ತಲೇ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ಸರಿದಳು.

ಮರುಳಸಿದ್ದಯ್ಯನವರು ಕನ್ನಡಕ ತೆಗೆದು ಬಗ್ಗಿದರು. ತಿಳಿಯಾದ ಗಾಜಿನ ನಡುವೆ ಅಲ್ಲೊಂದು ಇಲ್ಲೊಂದು ಹರಳು. ರವೆಯಲ್ಲ, ಹಿಟ್ಟಲ್ಲ. ಒಂದೊಂದಕ್ಕೂ ಕೋನ, ಅಂಚು, ಮೈ. ತೂಗಿ ಕಡೆದಂತೆ, ಪುರಸೊತ್ತಾಗಿ ಬೆಳೆದ ಹರಳುಗಳು. ಅವರು ಬೆರಳು ಮಡಚುತ್ತ ಎಣಿಸತೊಡಗಿದರು. ಒಂದು, ಎರಡು, ಮೂರು. ಹಿಂದೆ ಶಿವಗಂಗಾ ಬಿಕ್ಕಿ ಬಿಕ್ಕಿ ಅಳಲಾರಂಭಿಸಿದಳು. ಐದು ವರ್ಷದಿಂದ ತಡೆಹಿಡಿದ ಅಳು ಅದು, ನಗುವಿನ ಜೊತೆಗೇ ಬರುತ್ತಿತ್ತು. ಏಳು, ಎಂಟು. ಮರುಳಸಿದ್ದಯ್ಯನವರ ಕಣ್ಣೂ ಮಂಜಾಯಿತು, ಆದರೆ ತಲೆ ಎತ್ತಲಿಲ್ಲ.

"ಅಳಬ್ಯಾಡವ್ವಾ," ಎಂದರು. "ಎಣಿಕಿ ತಪ್ಪತೈತಿ."