ಬಲಗೈಯ ಆಣೆ

ಹುಲ್ಲಪ್ಪನ ಕೈಗೆ ಸುತ್ತಿಗೆ ಕೊಟ್ಟವನು ಶಾಸಕ ರಾಚಪ್ಪನೇ.

"ಎರಡೂ ಮೊಣಕಾಲಿಗೆ ಹಾಕು. ಸಾಯಬಾರ್ದು. ಸೋಮವಾರ ಬಾಗಲಕೋಟಿ ಕೋರ್ಟಿನ ಮೆಟ್ಟಲಾ ಹತ್ತಬಾರ್ದು, ಅಷ್ಟ."

ಇಳಕಲ್ಲಿನ ಹೊರಗಿದ್ದ ರಾಚಪ್ಪನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ, ಕೆಂಪು ಗ್ರಾನೈಟಿನ ಹಾಸುಗಲ್ಲಿನ ಮೇಲೆ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದವನು ಹುಲ್ಲಪ್ಪನ ಮಗ ಆನಂದ. ತುಟಿ ಒಡೆದಿತ್ತು, ಒಂದು ಕಣ್ಣು ಬಾತು ಮುಚ್ಚಿತ್ತು. ರಾಚಪ್ಪನ ಮಗ ಅಮರೇಶ ಅವನನ್ನು ಕಮತಗಿಯಿಂದ ಜೀಪಿನಲ್ಲಿ ಹಾಕಿಕೊಂಡು ಬರುವಾಗ ದಾರಿಯುದ್ದಕ್ಕೂ ಬಡಿದಿದ್ದ.

ರಾಚಪ್ಪನ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮೊದಲು ಸೀಟಿ ಊದುವುದು ಹುಲ್ಲಪ್ಪನ ಕೆಲಸ. ಹೋದ ಬೇಸಿಗೆಯಲ್ಲಿ ಒಂದು ದಿನ, ದೊಡ್ಡವರು ಯಾರೋ ಊಟಕ್ಕೆ ಬರುವರೆಂದು ರಾಚಪ್ಪನಿಗೆ ಅವಸರ. "ಸೀಟಿ ಗೀಟಿ ಬ್ಯಾಡ, ಹಚ್ಚು" ಎಂದುಬಿಟ್ಟ. ಗುಡ್ಡದ ಮಗ್ಗುಲಲ್ಲಿ ಕುರಿ ಮೇಯಿಸುತ್ತಿದ್ದ ಯಮನಪ್ಪನ ತಲೆಗೆ ಕಲ್ಲು ಬಡಿಯಿತು. ಜೊತೆಗಿದ್ದ ಆನಂದ, ಜೀವ ಹೋಗುವ ತನಕ ಒಡೆದ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸೀಟಿ ಊದಲಿಲ್ಲ ಎಂದು ಪೊಲೀಸರೆದುರು ಹೇಳಿದ, ಸೋಮವಾರ ಕೋರ್ಟಿನಲ್ಲೂ ಹೇಳುವವನಿದ್ದ. ಅವನ ಅಪ್ಪ ಮಾತ್ರ ಬಾಯಿ ಬಿಡಲಿಲ್ಲ.

ಬಿಡುವಂತಿರಲಿಲ್ಲ. ರಾಚಪ್ಪ ಜಲ್ಲಿ ಒಡೆಯುವ ಯಂತ್ರದಿಂದ ಗ್ರಾನೈಟಿಗೆ, ಗ್ರಾನೈಟಿನಿಂದ ವಿಧಾನಸೌಧಕ್ಕೆ ಏರಿದವನು. ಕಲ್ಲಾಗಲಿ ಓಟಾಗಲಿ, ಅವನ ವ್ಯಾಪಾರ ಒಂದೇ: ಮೊದಲು ಬಿರುಕು ಹುಡುಕು, ಆಮೇಲೆ ಉಳಿ ಇಡು. ವೇದಿಕೆ ಹತ್ತಿದರೆ ಬಾಯ್ತುಂಬ ವಚನ, ಆಣೆ ಪ್ರಮಾಣ ಎಲ್ಲ ಮೌಢ್ಯ ಎಂಬ ಉಪದೇಶ. ಮೊದಲ ಚುನಾವಣೆಯಲ್ಲಿ ಬೀರಪ್ಪನ ಗುಡಿಗೆ ಬಂದಾಗ ಮಾತ್ರ ಹುಲ್ಲಪ್ಪನಿಂದ ಭಂಡಾರ ಮುಟ್ಟಿಸಿಯೇ ಮಾತು ತೆಗೆದುಕೊಂಡಿದ್ದ. ದೇವರ ಆ ಅರಿಶಿನ ಮುಟ್ಟಿ ತಪ್ಪಿದವನ ಮನೆತನ ಉಳಿಯುವುದಿಲ್ಲ. "ಈ ಬಲಗೈ ಇರೂ ತನಕಾ ನಿಮ್ಮ ಮಾತು ಮೀರೂದಿಲ್ರಿ" ಎಂದಿದ್ದ ಹುಲ್ಲಪ್ಪ.

"ಬ್ಯಾರೇದವ್ರು ಹೊಡದ್ರ ನೀ ನನ್ನ ಮ್ಯಾಲೆ ತಿರುಗಿ ಬೀಳ್ತಿ. ನೀನ ಹೊಡದ್ರ, ಅಪ್ಪ ಜೈಲಿಗೆ ಹೋಗ್ತಾನಂತ ಮಗಾನೂ ಬಾಯಿ ಬಿಡೂದಿಲ್ಲ," ಎಂದು ರಾಚಪ್ಪ ನಕ್ಕ. "ಭಂಡಾರ ಮುಟ್ಟಿದ್ದು ಮರ್ತೇನು?"

"ಮರ್ತಿಲ್ರಿ ಸಾವ್ಕಾರ್ರ."

"ಯಪ್ಪಾ," ಆನಂದ ರಕ್ತ ಉಗುಳಿದ. "ಹೊಡಿ. ಕಾಲು ಹೋದ್ರ ತೆವಳಕೋಂತ ಹೋಗಿ ಹೇಳ್ತೇನಿ."

ಇಂಥವನು ತನ್ನ ಹೊಟ್ಟೆಯಲ್ಲಿ ಹುಟ್ಟಿದನಲ್ಲ ಎಂದು ಹುಲ್ಲಪ್ಪನಿಗೆ ಹೆಮ್ಮೆಯಾಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ತನ್ನ ಮೇಲೆಯೇ ಹೇಸಿಗೆಯಾಯಿತು.

ಸದಾ ಸೊಂಟದಲ್ಲಿರುತ್ತಿದ್ದ ಚೀಲದಿಂದ ಬೀರಪ್ಪನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ. ಉಳಿದದ್ದನ್ನು ಬಲಗೈಯ ಮೇಲೆ ಸುರಿದುಕೊಂಡ. ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡು, ಮಗನ ಮೊಣಕಾಲಿನ ಪಕ್ಕದಲ್ಲೇ ಬಲಗೈ ಊರಿದ. ಅಮರೇಶ "ಏ, ಏನ ಮಾಡಾಕತ್ತೀಲೇ" ಎನ್ನುವಷ್ಟರಲ್ಲಿ ಮೊದಲ ಪೆಟ್ಟು ಬಿತ್ತು. ಬೆರಳುಗಳು ಜಜ್ಜಿಹೋದವು. ಹಲ್ಲು ಕಚ್ಚಿ ಮತ್ತೆ ಎತ್ತಿದ. ಮಣಿಕಟ್ಟಿನ ಎಲುಬು ಚರ್ಮ ಹರಿದು ಹೊರಬಂತು. ಆನಂದ ಕಿರುಚುತ್ತಿದ್ದ. ರಾಚಪ್ಪ ಓಡಿಬಂದು ಹುಲ್ಲಪ್ಪನ ರಟ್ಟೆ ಹಿಡಿದ, ಆದರೂ ಇನ್ನೊಂದು ಪೆಟ್ಟು ಬಿದ್ದೇ ಬಿತ್ತು; ರಕ್ತ, ಭಂಡಾರ ಎರಡೂ ರಾಚಪ್ಪನ ಮೇಲೆ ಸಿಡಿದವು.

ಸುತ್ತಿಗೆ ಕೆಳಗೆ ಬಿತ್ತು. ಹುಲ್ಲಪ್ಪ ಮಂಡಿಯೂರಿದ. ಮುಖ ಸುಣ್ಣವಾಗಿತ್ತು.

"ಕೈ ಹೋತ್ರಿ ಸಾವ್ಕಾರ್ರ, ಆಣಿನೂ ಹೋತು," ಎಂದ. "ಅವತ್ತ ಸೀಟಿ ಬ್ಯಾಡ ಅಂದಾವ್ರು ಯಾರಂತ ಸೋಮವಾರ ನಾನೂ ಹೇಳ್ತೇನಿ."

ಯಂತ್ರ ನಿಲ್ಲಿಸಿ ಕೂಲಿಯವರೆಲ್ಲ ಬಂದು ನಿಂತಿದ್ದರು. ಅವರಲ್ಲಿ ದುರಗಪ್ಪನೆಂಬವನು ಮುಂದೆ ಬಂದು ಆನಂದನ ಹಗ್ಗ ಬಿಚ್ಚಿದ. ಅಮರೇಶ ಅಪ್ಪನ ಮುಖ ನೋಡಿದ, ಅಪ್ಪ ತನ್ನ ಅಂಗಿಯ ತೋಳು ನೋಡಿಕೊಳ್ಳುತ್ತಿದ್ದ. ಆನಂದ ತನ್ನ ಅಂಗಿ ಹರಿದು ಹುಲ್ಲಪ್ಪನ ಕೈಗೆ ಸುತ್ತಿದ. ನಾಲ್ಕಾರು ಜನ ಅವನನ್ನು ಎತ್ತಿಕೊಂಡು ದವಾಖಾನೆಗೆ ನಡೆದರು.

ರಾಚಪ್ಪ ನಳದ ಕೆಳಗೆ ನಿಂತ. ರಕ್ತ ಬೇಗ ಹೋಯಿತು. ಬಿಳಿ ಅಂಗಿಯ ತೋಳಿಗೆ ಹತ್ತಿದ ಅರಿಶಿನವನ್ನು ಉಜ್ಜಿದ, ಮತ್ತೆ ಉಜ್ಜಿದ. ನೀರು ಬಿದ್ದಷ್ಟೂ ಅದು ಹರಡುತ್ತ ಹೋಯಿತು.