ಸೆರಗಿನ ಗಂಟಲ್ಲಿ ಎರಡು ಸೆಲ್ಲು

ಹಕ್ಕಿ ಕೂಗಿದ ಹಾಗಿತ್ತು, ಹಕ್ಕಿಯಲ್ಲ, ಗಾಜಿನ ಮೇಜಿನ ಮೇಲಿಟ್ಟ ಬೆಲ್ಲಿನ ಬಿಳಿ ಡಬ್ಬಿ ಕೂಗಿದ್ದು, ಇದ್ರಲ್ಲಿ ಮೂವತ್ತಾರು ರಾಗ ಅವೆ ಕಣಮ್ಮ, ಯಾವ್ದು ಬೇಕು ಎಂದು ಅಂಗಡಿಯವನು ಒತ್ತುತ್ತಲೇ ಇದ್ದ, ಮೂವತ್ತಾರು ರಾಗ ಕಟ್ಟಿಕೊಂಡು ಕುಸುಮ ಏನು ಮಾಡಬೇಕು, ಹೊಡೆಯಬೇಕಾದಾಗ ಹೊಡೆದರೆ ಸಾಕು — ಮದ್ದೂರಿಗೇ ಓಗು, ಇನ್ನೊಂದ್ಸಲ ಇಂಗಾಗ್ಬಾರ್ದು, ನಂಬ್ಕಸ್ತ ಮಾಲು ನೋಡಿ ತಕಂಡ್ ಬಾ ಎಂದಿದ್ದ ಗಂಡ ಯತೀಶ, ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿಸುವಾಗ ಅವನ ಕಣ್ಣು ಕೆಂಪಗಿತ್ತು, ನಾಲ್ಕು ದಿನದಿಂದ ಅವ್ವನ ಮಗ್ಗುಲು ಬಿಟ್ಟು ಎದ್ದಿರಲಿಲ್ಲ. ನಂಬಿಕಸ್ತ ಮಾಲು. ಹಳೆಯದೂ ನಂಬಿಕಸ್ತವೇ ಆಗಿತ್ತಲ್ಲ, ಪಾಪ. ಹೋದ ವರ್ಷ ಹೊಸ ಬಾಗಿಲಿಗೆಂದು ತಂದದ್ದು, ತಂತಿಯಿಲ್ಲದ ಬೆಲ್ಲು, ಆದರೆ ಊರಲ್ಲಿ ಬೆಲ್ಲು ಒತ್ತುವವರು ಯಾರು, ಗುಂಡಿಯ ಪಕ್ಕದಲ್ಲೇ ನಿಂತು ಕುಸುಮಕ್ಕೋ ಅಂತ ಕೂಗುವವರೇ ಎಲ್ಲ, ಪಕ್ಕದ ಮನೆಯ ಅಂಕಮ್ಮನಂತೂ ಅದನ್ನು ದೀಪದ ಸ್ವಿಚ್ಚು ಅಂದುಕೊಂಡಿದ್ದಳು, ಅತ್ತೆ ಬೆಟ್ಟಮ್ಮನಿಗೆ ಲಕ್ವ ಹೊಡೆದ ಮೇಲೆ ಗುಂಡಿಯನ್ನು ಬಾಗಿಲಿಂದ ಕಿತ್ತು ಅವಳ ಆಡುವ ಒಂದೇ ಕೈಗೆ, ಎಡಗೈಗೆ, ಹೆಬ್ಬೆರಳಿಗೆ ಸಿಗುವ ಹಾಗೆ ಕಟ್ಟಿದರು, ಕೂಗುವ ಡಬ್ಬಿ ಹಿತ್ತಲ ಹುಳದ ಮನೆಗೆ ಹೋಯಿತು, ರೇಷ್ಮೆಹುಳ ಸೊಪ್ಪು ಮೇಯುವ ಸದ್ದಿನಲ್ಲಿ ಮುದುಕಿಯ ದನಿ ಎಲ್ಲಿ ಕೇಳಬೇಕು.

ಅಂಗಡಿಯವನು ಇನ್ನೊಂದು ಡಬ್ಬಿ ತೆಗೆದ, ಇದು ಪ್ಲಗ್ಗಿಗೆ ಹಾಕೋದು, ಸೆಲ್ಲೇ ಬ್ಯಾಡ, ಇನ್ನೂರಡಿ ದೂರಕ್ಕೂ ಕೇಳ್ತದೆ ಎಂದ, ಕರೆಂಟು ಓದ್ರೆ ಎಂದಳು, ಅಂಗಾರೆ ಸೆಲ್ಲಿಂದೇ ತಕಳಿ ಎಂದ. ಸೆಲ್ಲು. ಬೆರಳಿನಷ್ಟು ಸಣ್ಣವು, ಅವತ್ತು ಸೆರಗಿನ ಗಂಟಲ್ಲಿ ಎರಡು, ಸೊಂಟಕ್ಕೆ ತಣ್ಣಗೆ ತಾಗುತ್ತಿದ್ದವು — ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಸೊಪ್ಪಿಗೆ ಬಾಯಿ ಬಿಡುವ ವಾರ, ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು, ನಡುವೆ ಬೆಲ್ಲು, ನೀರು ಕೊಡು, ಬೆಲ್ಲು, ಮಗ್ಗುಲು ತಿರುಗಿಸು, ಬೆಲ್ಲು, ಏನವ್ವಾ ಅಂದರೆ ಏನಿಲ್ಲ ಕಣೆ, ಅಲ್ಲಿದೀಯೋ ಇಲ್ವೋ ಅಂತ ಒತ್ತಿ ನೋಡ್ದೆ, ಒಂದು ದಿನ ಎಣಿಸಿದ್ದಳು, ನಲವತ್ತು ಸಲ. ಒಂದೇ ಗಳಿಗೆ ಅಂದುಕೊಂಡದ್ದು, ಮೂರು ದಿನ ರೆಪ್ಪೆ ಮುಚ್ಚದವಳು ಮಟಮಟ ಮಧ್ಯಾಹ್ನ ಒಂದು ಗಳಿಗೆ ಮಲಗಬಾರದೇ, ಡಬ್ಬಿಯ ಬೆನ್ನು ಬಿಚ್ಚಿ, ಎರಡು ಸೆಲ್ಲು ತೆಗೆದು, ಸೆರಗಿಗೆ ಗಂಟು ಹಾಕಿಕೊಂಡು ಸೊಪ್ಪಿನ ರಾಶಿಗೆ ತಲೆ ಕೊಟ್ಟಳು, ಎಂಥ ನಿದ್ದೆ ಅದು, ಮದುವೆಯಾದ ಮೇಲೆ ಅಷ್ಟು ಸುಖವಾಗಿ ಎಂದೂ ಮಲಗಿರಲಿಲ್ಲ, ಅದನ್ನು ಯಾರಿಗೆ ಹೇಳುವುದು, ಎದ್ದಾಗ ಬಿಸಿಲು ಗೋಡೆ ಹತ್ತಿತ್ತು. ಗಾಬರಿಯಲ್ಲಿ ಸೆಲ್ಲು ಹಾಕಿದಳು, ಹಾಕಿದ್ದೇ ತಡ ಬೆಲ್ಲು ಹೊಡೆಯಿತು, ಸದ್ಯ, ಈಗ ಕರೀತಾವ್ಳೆ, ಬದುಕಿದೆ ಅನ್ನಿಸಿತು, ನಿಧಾನವಾಗಿ ಕೈ ತೊಳೆದಳು, ನಿಧಾನವಾಗಿ ಒರೆಸಿಕೊಂಡಳು, ಅದು ಮಾತ್ರ ನಿಲ್ಲಲೇ ಇಲ್ಲ, ಒಳಗೆ ಹೋದರೆ ಬೆಟ್ಟಮ್ಮ ಮಂಚದ ಕೆಳಗೆ, ಸೀರೆಯೆಲ್ಲ ಒದ್ದೆ, ಸೊಂಟ ಆಡದು, ಹೆಬ್ಬೆರಳು ಮಾತ್ರ ಗುಂಡಿಯ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಹೆಬ್ಬೆರಳು. ಮಂಡ್ಯದ ಆಸ್ಪತ್ರೆಗೆ ಹೋಗುವವರೆಗೂ ಅದನ್ನು ಬಿಡಿಸಲಾಗಲಿಲ್ಲ.

ಸೊಂಟ ಮುರಿದದೆ, ಆಪರೇಷನ್ ತಡಿಯೋ ಜೀವ ಅಲ್ಲ, ಮನೇಲೇ ಇಟ್ಕೊಂಡು ನೋಡ್ಕೊಳಿ ಎಂದರು ಡಾಕ್ಟರು. ಬೆಲ್ಲು ಹೊಡೀಲೇ ಇಲ್ಲ ಎಂದಿದ್ದಳು ಕುಸುಮ, ಸುಳ್ಳೇನಲ್ಲ, ಹೊಡೆದಿರಲಿಲ್ಲ, ಅವನು ನಂಬಿದ, ಹಾಳ್ ಮಾಲು ಎಂದು ಒತ್ತಿಯೂ ನೋಡದೆ ಡಬ್ಬಿಯನ್ನು ತಿಪ್ಪೆಗೆ ಎಸೆದ, ಎಲ್ಲೋ ದರಿದ್ರದವಳು ನಿದ್ದೆ ಹೊಡೀತಿದ್ಲೇನೋ ಎಂದು ಅಂಕಮ್ಮ ಗೊಣಗಿದರೆ ಬೆಟ್ಟಮ್ಮನೇ ತೊದಲಿದಳು, ಅವ್ಳನ್ನ ಅನ್ಬ್ಯಾಡ ಕಣಮ್ಮಿ, ಬೆಲ್ಲೇ ಕೆಟ್ಟೋಗಿತ್ತು, ಕೇಳ್ಸಿದ್ರೆ ನನ್ ಸೊಸೆ ಬರ್ದೆ ಇರ್ತಿದ್ಲಾ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಶಾಪ ಹಾಕಿದ್ದರೂ ಸರಿಯೇ, ಇದನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು.

ಅಣ್ಣಾ, ಯಾರೂ ನಿಲ್ಸಕ್ಕಾಗ್ದಂತದ್ದು ಇಲ್ವಾ ಎಂದು ಬಾಯಿಗೆ ಬಂದೇಬಿಟ್ಟಿತು, ಅಂಗಡಿಯವನು ನಕ್ಕ, ಅಂಥದ್ದು ಎಲ್ಲಿ ಬತ್ತದಮ್ಮ, ನಿಲ್ಸೋರು ಮನೇವ್ರೇ ತಾನೆ, ಅವ್ರ ಮೇಲೂ ಅನುಮಾನ್ವಾ, ತಕಳಿ, ನೀವೇ ಒತ್ತಿ ನೋಡಿ — ಗುಂಡಿ ಅಂಗೈಗೆ ಬಂತು, ಹುಣಸೆಬೀಜದಷ್ಟೂ ಭಾರವಿಲ್ಲ, ಒತ್ತಿದಳು, ಹೊಡೆಯಿತು, ಹೊಡೆಯುತ್ತಲೇ ಇದೆ, ಬುಡಿ ಕಣಮ್ಮ, ಕೇಳ್ತು, ಕೇಳ್ತು ಎನ್ನುತ್ತಿದ್ದಾನೆ ಅವನು, ಕೇಳಿತಂತೆ, ಎಷ್ಟು ಹೊತ್ತು ಒತ್ತಿರಬೇಕು, ನೆಲದ ಮೇಲೆ, ಒಬ್ಬಳೇ, ಬತ್ತಾಳೆ ನನ್ ಸೊಸೆ, ಇನ್ನೇನು ಬತ್ತಾಳೆ ಅಂದುಕೊಂಡು, ಉಗುರು ನೋಯುವುದಿಲ್ಲವೇ, ನೋಯುತ್ತಿದೆ, ಬೆಳ್ಳಗಾಗುತ್ತಿದೆ, ಬತ್ತಾಳೆ, ಬತ್ತಾಳೆ, ಗುಂಡಿಯ ಮೇಲೆ ಹೆಬ್ಬೆರಳು, ಉಗುರು ಬೆಳ್ಳಗಾದ ಹೆಬ್ಬೆರಳು