ಮುಖ್ಯ ದುಡಿಮೆಗಾರರ ಹೆಸರು

“ಹದಿನೆಂಟು ಸಾವಿರ,” ಎಂದ ಗಂಡ. ಕಳೆದ ವಾರ ಎಷ್ಟು ದಿನ ಕೆಲಸವಿತ್ತು ಎಂಬ ಮುಂದಿನ ಪ್ರಶ್ನೆ ಮುಗಿಯುವ ಮೊದಲೇ, “ಆರೂ ದಿನ,” ಎಂದು ಸೇರಿಸಿದ.

ಸಮೀಕ್ಷಕಿ ಎರಡನ್ನೂ ಟ್ಯಾಬಿನಲ್ಲಿ ತುಂಬಿದಳು. ಕೂಲಿ-ಸಂಬಳದ ಅಧ್ಯಯನಕ್ಕಾಗಿ ಅಂದು ಬೆಳಗ್ಗಿನಿಂದ ಆಕೆ ಹೊಕ್ಕ ಏಳನೆಯ ಮನೆ ಅದು. ಒಬ್ಬರ ಗಳಿಕೆಯನ್ನು ಇನ್ನೊಬ್ಬರ ಎದುರು ಕೇಳಕೂಡದೆಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಆದರೆ ಇಲ್ಲಿ ಇದ್ದದ್ದೇ ಒಂದು ಕೋಣೆ. ಗಂಡ ಕುರ್ಚಿಯಲ್ಲಿದ್ದ, ಅವನ ತಾಯಿ ಮಂಚದ ಮೇಲಿದ್ದಳು. ಹೆಂಡತಿ ಕೆಳಗೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಗಂಡ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ಹೊಲಿಗೆಯವರ ಮೇಲ್ವಿಚಾರಕಿ.

“ನಿಮ್ಮದೆಷ್ಟು ಅಕ್ಕಾ?”

“ಹದಿನಾಲ್ಕು.”

“ಸಂಬಳದ ಚೀಟಿ ಇದ್ರೆ ನೋಡ್ಬಹುದಾ?”

“ಎಲ್ಲಿಟ್ನೋ ಏನೋ.” ಹೆಂಡತಿ ಕೂತಲ್ಲಿಂದ ಏಳಲಿಲ್ಲ. ಅಂಗಿಯ ತೋಳನ್ನು ಬೆನ್ನಿಗೆ ಮಡಚಿ, ಅಂಗೈಯಿಂದ ಒತ್ತಿದಳು.

“ಸಂಬಳ ಎಷ್ಟು ಅಂತ ಕೇಳೋರೇ ಎಲ್ಲ,” ಎಂದಳು ಅತ್ತೆ. “ಜಾಸ್ತಿ ಮಾಡೋರು ಒಬ್ಬರೂ ಈ ಮೆಟ್ಟಿಲು ಹತ್ತಿಲ್ಲ.”

“ನನ್ನ ಸಂಬಳ ಜಾಸ್ತಿ ಮಾಡೋರೂ ಇಲ್ಲಮ್ಮ,” ಎಂದಳು ಸಮೀಕ್ಷಕಿ. “ನಮಗೆ ಒಂದು ಮನೆಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡ್ತಾರೆ.”

“ಹಾಗಾದ್ರೆ ಬೇಗ ಮುಗಿಸು ತಾಯಿ, ಇನ್ನೊಂದು ಮನೆ ಮಾಡ್ಕೋ.”

ಗಂಡ ನಕ್ಕ. ಸಮೀಕ್ಷಕಿಯೂ ನಕ್ಕು ಉಳಿದ ಪ್ರಶ್ನೆಗಳನ್ನು ಮುಗಿಸಿದಳು. ಕೋಣೆಯೊಳಗೆ ಸಿಗ್ನಲ್ ಇರಲಿಲ್ಲ. ಫಾರಂ ಕಳಿಸಿದ ಮೇಲೆ ಸಮೀಕ್ಷೆ ಆಯಿತೆಂಬುದಕ್ಕೆ ಒಂದು ರಸೀದಿ ಬರೆದುಕೊಡುವುದಾಗಿ ಹೇಳಿ ಮೆಟ್ಟಿಲಿಳಿದಳು. “ಹೋಗಿ ಇಸ್ಕೊಂಡು ಬಾ,” ಎಂದು ಗಂಡ ಹೆಂಡತಿಯನ್ನು ಹಿಂದೆಯೇ ಕಳಿಸಿದ.

ಮೆಟ್ಟಿಲ ತಿರುವಿನಲ್ಲಿ ಹೆಂಡತಿ ರವಿಕೆಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಸಂಬಳದ ಚೀಟಿ. ಕೈಗೆ ಬಂದದ್ದು ಹತ್ತೊಂಬತ್ತು ಸಾವಿರದ ನಾನೂರು ಎಂದಿತ್ತು.

“ಇದನ್ನ ಹಾಕಿ. ನಾಲ್ಕು ತಿಂಗಳಾಯ್ತು ಜಾಸ್ತಿಯಾಗಿ.”

“ಮನೇಲಿ ಗೊತ್ತಿಲ್ವಾ?”

“ಅವರಿಗೆ ವಾರಕ್ಕೆ ಮೂರೇ ದಿನ ಕೆಲಸ. ಮಾಲೀಕರು ಅಡ್ವಾನ್ಸಿಗೆ ಹಿಡ್ಕೊಂಡ್ರು ಅಂತ ಹೇಳಿ ಒಂಬತ್ತು ಸಾವಿರ ನನ್ನ ಕೈಗಿಡ್ತಾರೆ. ಆರೂ ದಿನ ಡಬ್ಬಿ ತಗೊಂಡು ಹೋಗ್ತಾರೆ. ಮೂರು ದಿನ ಉಗುರಲ್ಲಿ ಮಸಿ ಇರುತ್ತೆ, ಮೂರು ದಿನ ಇರಲ್ಲ.” ಅವಳು ಮೇಲೆ ನೋಡಿ ದನಿ ತಗ್ಗಿಸಿದಳು. “ಅವರಾಗೇ ಹೇಳೋವರೆಗೂ ನಾನು ಕೇಳಲ್ಲ. ನನ್ನದು ಇಷ್ಟು ಅಂತ ಈಗ ಗೊತ್ತಾದ್ರೆ, ಅವರು ಯಾವತ್ತೂ ಹೇಳಲ್ಲ.”

“ಹಾಗಾದ್ರೆ ಅವರದ್ದೂ ಒಂಬತ್ತು ಅಂತ ಹಾಕ್ಲಾ?”

“ಬೇಡ. ಅದು ಅವರ ಬಾಯಿಂದ ಬಂದದ್ದು, ಹಾಗೇ ಇರ್ಲಿ. ನನ್ನದು ಮಾತ್ರ ಸರಿ ಮಾಡಿ.”

ಸಮೀಕ್ಷಕಿ ಹದಿನಾಲ್ಕು ಸಾವಿರವನ್ನು ಅಳಿಸಿದಳು. ‘ಚೀಟಿ ನೋಡಿದೆ’ ಎಂಬಲ್ಲಿ ಗುರುತು ಹಾಕಿದಳು. ಗಂಡನ ಸಾಲನ್ನು ಮುಟ್ಟಲಿಲ್ಲ. ಅಲ್ಲಿ ‘ಚೀಟಿ ಇಲ್ಲ’ ಎಂದೇ ಇತ್ತು. ಫಾರಂ ಹೋಯಿತು.

ಆಮೇಲೆ ರಸೀದಿ ಪುಸ್ತಕ ತೆಗೆದಳು. ಅದರಲ್ಲಿ ಮೊತ್ತಕ್ಕೆ ಜಾಗವಿಲ್ಲ. ದಿನಾಂಕ, ಮನೆಯ ಸಂಖ್ಯೆ, ಮುಖ್ಯ ದುಡಿಮೆಗಾರರ ಹೆಸರು, ಅಷ್ಟೇ. ಎಲ್ಲರಿಗಿಂತ ಹೆಚ್ಚು ಗಳಿಸುವವರ ಹೆಸರನ್ನೇ ಬರೆಯಬೇಕೆಂಬುದು ನಿಯಮ. ಪೆನ್ನು ಆ ಸಾಲಿನ ಮೇಲೆ ನಿಂತಿತು.

“ಏನಾಯ್ತು?” ಎಂದಳು ಹೆಂಡತಿ. ಬಗ್ಗಿ ಓದಿದಳು. “ಅವರದ್ದು ಬರೀರಿ.”

“ಟ್ಯಾಬಿನೊಳಗೆ ನಿಮ್ಮದೇ ಇದೆ ಅಕ್ಕಾ. ಎರಡೂ ಒಂದೇ ಇರ್ಬೇಕು.”

“ಒಳಗೆ ಇದ್ಯಲ್ಲ, ಸಾಕು.”

ಮೇಲಿನಿಂದ, “ಎಷ್ಟು ಹೊತ್ತು?” ಎಂಬ ಗಂಡನ ದನಿ ಬಂತು.

“ಬಂದೆ,” ಎಂದಳು ಹೆಂಡತಿ, ಕಣ್ಣನ್ನು ಪೆನ್ನಿನ ಮೇಲಿಂದ ತೆಗೆಯದೆ.

ಏಳು ವರ್ಷದ ಕೆಲಸದಲ್ಲಿ ಸಮೀಕ್ಷಕಿ ರಸೀದಿಯಲ್ಲಿ ತಪ್ಪು ಬರೆದವಳಲ್ಲ. ಈಗ ಗಂಡನ ಹೆಸರನ್ನು ಬಿಡಿ ಅಕ್ಷರಗಳಲ್ಲಿ ಬರೆದು, ಹಾಳೆ ಹರಿದು ಕೊಟ್ಟಳು. ಹೆಂಡತಿ ಸಂಬಳದ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡು, ರಸೀದಿಯನ್ನು ಕೈಯಲ್ಲಿ ಹಿಡಿದು ಮೇಲೆ ಹೋದಳು.

ಸಮೀಕ್ಷಕಿ ಕೆಳಗಿನ ಮನೆಯ ಬಾಗಿಲು ತಟ್ಟಿ ಕಾದಳು. ಮೇಲೆ ಗಂಡ ತನ್ನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. “ಇನ್ನೊಂದ್ಸಲ ಓದು,” ಎಂದಳು ತಾಯಿ. ಅವನು ಇನ್ನೊಮ್ಮೆ ಓದಿದ. ಈ ಸಲ ದನಿ ಅಷ್ಟು ಗಟ್ಟಿಯಾಗಿರಲಿಲ್ಲ.